ಅರಿವೂ ಬೆರಗೂ: ವಿಜಯಪುರದ ನೆಲ ನುಡಿಯುವ ಸಾಕ್ಷಿ

ಜ್ಞಾನವು ಹೆಚ್ಚಿದಂತೆ ಜಗತ್ತು ತಿಳಿಯಾಗುವುದೋ, ಇಲ್ಲವೆ ಇನ್ನಷ್ಟು ನಿಗೂಢವಾಗುವುದೋ ಎಂಬುದು ಬಹು ಹಳೆಯ ಜಿಜ್ಞಾಸೆ. ದೀಪ ಹೊತ್ತಿಸಿದ ಮೇಲೆ ಕತ್ತಲೆಗೆ ಎಡೆಯೆಲ್ಲಿ ಎಂದು ಓದಿದವರು ವಾದಿಸುತ್ತಾರೆ. ಹೆಚ್ಚು ಕೆದಕಿದರೆ ಶ್ರದ್ಧೆ ಸಡಿಲವಾದೀತೆಂದು ಕೆಲವು ಭಕ್ತರು ಅಂಜುತ್ತಾರೆ. ಈ ಅಂಜಿಕೆಯನ್ನು ಹಗುರವಾಗಿ ಕಾಣಲಾಗದು. ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ ಶಿಕ್ಷಕರೋ ವೈದ್ಯರೋ ಇಂಜಿನಿಯರರೋ ಆದ ಅನೇಕರು ತಾವು ಕಲಿತ ವಿದ್ಯೆಗೂ ತಮ್ಮ ಮನೆತನದ ನಂಬುಗೆಗೂ ನಡುವೆ ಒಂದು ಬಿರುಕನ್ನು ಕಂಡು ಕಳವಳಪಡುವುದುಂಟು. ಬರಿಯ ತರ್ಕದಿಂದ ಇದನ್ನು ತೀರ್ಮಾನಿಸುವ ಬದಲು ನಮ್ಮ ನೆಲದ ಇತಿಹಾಸವನ್ನೇ ಸಾಕ್ಷಿಯಾಗಿ ಕರೆಯುವುದು ಲೇಸು.

ಮೊದಲ ಸಾಕ್ಷಿ ವಚನಪಿತಾಮಹ ಡಾ. ಫ. ಗು. ಹಳಕಟ್ಟಿಯವರ ಜೀವನ. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಇವರು ಮುಂಬಯಿಯಲ್ಲಿ ಕಾನೂನು ಕಲಿತು, ಅಂದಿನ ಬಿಜಾಪುರದಲ್ಲಿ ವಕೀಲರಾಗಿ ನೆಲೆ ನಿಂತರು. ಆ ಕಾಲದಲ್ಲಿ ವಚನ ವಾಙ್ಮಯದ ಸ್ಥಿತಿ ಏನಿತ್ತು? ತಾಡೋಲೆಯ ಕಟ್ಟುಗಳು ಊರೂರಿನ ಮಠಗಳಲ್ಲಿಯೂ ಮನೆಗಳ ಜಗುಲಿಯ ಮೇಲೆಯೂ ಇದ್ದವು. ಅವಕ್ಕೆ ವಿಭೂತಿ ಧರಿಸಿ, ಪತ್ರಿ ಪುಷ್ಪ ಏರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ವಿರಳ. ಒಳಗೆ ಏನಿದೆಯೆಂಬುದು ತಿಳಿಯದಿರುವುದೇ ಅವುಗಳ ಮಹಿಮೆ ಎಂಬಂತಾಗಿತ್ತು. ಗೆದ್ದಲು ಮಾತ್ರ ಪೂಜೆಗೆ ಕಾಯದೆ ತನ್ನ ಕೆಲಸ ಮಾಡುತ್ತಿತ್ತು.

ಹಳಕಟ್ಟಿಯವರು ಆ ಕಟ್ಟುಗಳನ್ನು ಬಿಚ್ಚಿದರು. ಊರೂರು ಅಲೆದು ಗರಿಗಳನ್ನು ಕೂಡಿಹಾಕಿದರು. ತಾಡೋಲೆಯನ್ನು ಓದುವುದು ಸುಲಭದ ಮಾತಲ್ಲ. ಕಂಠದಿಂದ ಕೊರೆದ ಅಕ್ಷರ ಮಸಿ ಹಚ್ಚಿದ ಹೊರತು ಕಾಣದು. ಪದಪದಗಳ ನಡುವೆ ಬಿಡುವಿಲ್ಲ. ದಾರ ಹರಿದ ಕಟ್ಟಿನಲ್ಲಿ ಗರಿಗಳ ಅನುಕ್ರಮವೂ ತಪ್ಪಿರುತ್ತದೆ. ಒಂದೇ ವಚನ ಎರಡು ಪ್ರತಿಗಳಲ್ಲಿ ಎರಡು ಬಗೆಯಾಗಿರುತ್ತದೆ. ಈ ಎಲ್ಲವನ್ನೂ ತಿದ್ದಿ ತೂಗಿ ಅವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರನ್ನು ಅರಸಿ ಬಂದಿತು. 1964ರ ಜೂನ್ 29ರಂದು ಲಿಂಗೈಕ್ಯರಾಗುವವರೆಗೂ ಅವರದು ಬಡತನದೊಡನೆ ಹೆಣಗುತ್ತ ನಡೆಸಿದ ಕಾಯಕ.

ಇದರಿಂದ ತಿಳಿಯಾದದ್ದು ಏನು? ಕವಿಚರಿತೆಕಾರರಿಗೆ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ಗೊತ್ತಿದ್ದಲ್ಲಿ ಹಳಕಟ್ಟಿಯವರ ಶ್ರಮದಿಂದ ಆ ಸಂಖ್ಯೆ ಇನ್ನೂರನ್ನು ಮೀರಿತು. ಅದುವರೆಗೆ ಶರಣರನ್ನು ಜನ ಅರಿತದ್ದು ಬಹುಮಟ್ಟಿಗೆ ಪುರಾಣಗಳ ಪವಾಡಗಳ ಮೂಲಕ. ಈಗ ಅಂಬಿಗ, ಮಾದಾರ, ಮಡಿವಾಳ, ಅಕ್ಕಿ ಆಯುವ ಲಕ್ಕಮ್ಮ ಇವರೆಲ್ಲ ತಮ್ಮ ಬಾಯಿಂದಲೇ ಮಾತನಾಡತೊಡಗಿದರು. ಇದು ನಿಸ್ಸಂದೇಹವಾಗಿ ಬೆಳಕು.

ಆದರೆ ಆ ಬೆಳಕು ಬಿದ್ದಲ್ಲೆಲ್ಲ ಹೊಸ ಪ್ರಶ್ನೆಗಳು ಎದ್ದುನಿಂತವು. ವಚನಗಳು ಹುಟ್ಟಿದ್ದು ಹನ್ನೆರಡನೆಯ ಶತಮಾನದಲ್ಲಿ. ನಮಗೆ ದೊರೆತ ಓಲೆಗಳಲ್ಲಿ ಹೆಚ್ಚಿನವು ಶತಮಾನಗಳ ತರುವಾಯದವು. ವಿಜಯನಗರದ ಕಾಲದ ವಿರಕ್ತರು ಅವನ್ನು ಸಂಕಲಿಸಿ, ಸ್ಥಲಕಟ್ಟಿಗೆ ಅಳವಡಿಸಿದರು. ಹಾಗಾದರೆ ನಾವು ಕೇಳುತ್ತಿರುವುದು ಕಲ್ಯಾಣದ ಕಂಠವೋ, ಸಂಕಲನಕಾರರ ಕಂಠವೋ? ‘ಶೂನ್ಯಸಂಪಾದನೆ’ಯನ್ನು ಶಿವಗಣಪ್ರಸಾದಿ ಮಹಾದೇವಯ್ಯನವರು ರಚಿಸಿದ ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಒಂದೇ ಸಂವಾದ ನಾಲ್ಕು ಬಗೆಯಾಗಿ ನಡೆಯಿತು. ಕೆಲವು ವಚನಗಳಿಗೆ ಅಂಕಿತವುಂಟು, ಕರ್ತೃವಿನ ಹೆಸರಿಲ್ಲ. 1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳನ್ನು ಹೊರತಂದಾಗ ವಚನಗಳ ಸಂಖ್ಯೆ ಇಪ್ಪತ್ತು ಸಾವಿರವನ್ನು ದಾಟಿತು. ಪ್ರಶ್ನೆಗಳೂ ಅದಕ್ಕೆ ತಕ್ಕಂತೆ ಬೆಳೆದವು.

ಶಾಸನಗಳ ಕಥೆಯೂ ಹೀಗೆಯೇ. ಕಳಚುರಿಗಳ ಕಾಲದ ಶಾಸನಗಳಲ್ಲಿ ಬಸವಣ್ಣನವರ ಹೆಸರು ಕಾಣದೆಂದು ವಿದ್ವಾಂಸ ಫ್ಲೀಟ್ ಸಂಶಯ ತಾಳಿದರು. ಅಬ್ಬಲೂರಿನ ಶಾಸನವನ್ನು ನೆಚ್ಚಿ ಏಕಾಂತದ ರಾಮಯ್ಯನವರಿಗೆ ಪ್ರಾಶಸ್ತ್ಯವಿತ್ತರು. ಮುಂದೆ ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನ ಬೆಳಕಿಗೆ ಬಂದು ಬಾಗೇವಾಡಿಯ ಬಸವರಾಜನನ್ನೂ ಅವನ ಮನೆತನವನ್ನೂ ಹೆಸರಿಸಿತು. ಒಂದು ಸಂಶಯ ಹರಿಯಿತು. ಕೂಡಲೇ ಅಲ್ಲಿ ಹೇಳಿರುವ ವಂಶಾವಳಿಯನ್ನು ಪುರಾಣಗಳ ಕಥನದೊಡನೆ ಹೊಂದಿಸುವುದು ಹೇಗೆಂಬ ಬೇರೊಂದು ಚರ್ಚೆ ತೊಡಗಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೊದಲಿನ ಸಂಶಯ ‘ಇದ್ದರೋ ಇಲ್ಲವೋ’ ಎಂಬ ಮಬ್ಬಿನದು. ಎರಡನೆಯದು ‘ಯಾವ ಸಂಬಂಧ, ಯಾವ ಅರ್ಥ’ ಎಂಬ ಖಚಿತ ಪ್ರಶ್ನೆ. ಅಜ್ಞಾನದ ಪ್ರಶ್ನೆಗೂ ಅರಿವಿನ ಪ್ರಶ್ನೆಗೂ ಇರುವ ಅಂತರ ಇದೇ.

ಎರಡನೆಯ ಸಾಕ್ಷಿ ನಗರದ ನೆತ್ತಿಯ ಮೇಲೆಯೇ ಇದೆ. 1656ರಲ್ಲಿ ತೀರಿಕೊಂಡ ಮುಹಮ್ಮದ ಆದಿಲ್‌ಶಾಹನ ಸಮಾಧಿಯಾದ ಗೋಲಗುಮ್ಮಟದ ಗುಂಬಜದ ಹೊರವ್ಯಾಸ ಸುಮಾರು 44 ಮೀಟರು. ಒಳಗಿನ ಮೊಗಸಾಲೆಯ ಗೋಡೆಗೆ ಬಾಯಿಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಜನ ಇದನ್ನು ಮಾಯೆಯೆಂದೇ ಬಗೆದಿದ್ದರು. ಇಂಥದೇ ಮೊಗಸಾಲೆ ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲಿದೆ. ದನಿ ಚದುರಿಹೋಗದೆ ಬಾಗಿದ ಗೋಡೆಯನ್ನೇ ಅಪ್ಪಿಕೊಂಡು ಸಾಗುತ್ತದೆ, ಆದ್ದರಿಂದ ಗೋಡೆಯುದ್ದಕ್ಕೂ ಎಲ್ಲಿಯಾದರೂ ಕೇಳೀತು ಎಂದು ವಿಜ್ಞಾನಿ ರ‍್ಯಾಲೆ ವಿವರಿಸಿದರು. ಅಲ್ಲಿಗೆ ವಿಷಯ ಮುಗಿಯಬೇಕಾಗಿತ್ತು. ಆದರೆ 1921–22ರಲ್ಲಿ ಸರ್ ಸಿ. ವಿ. ರಾಮನ್ನರು ಸೇಂಟ್ ಪಾಲಿನಲ್ಲಿ ಪರೀಕ್ಷಿಸಿದಾಗ ದನಿಯ ಬಲ ಒಂದೇ ಸಮನಾಗಿರದೆ ಏರಿಳಿಯುವುದು ಕಂಡಿತು. ರ‍್ಯಾಲೆಯವರ ಸಿದ್ಧಾಂತದಲ್ಲಿ ಇದಕ್ಕೆ ಎಡೆಯಿರಲಿಲ್ಲ. ನಮ್ಮ ಗೋಲಗುಮ್ಮಟವನ್ನೂ ಅವರು ತಮ್ಮ ಅಧ್ಯಯನದಲ್ಲಿ ಸೇರಿಸಿಕೊಂಡರು. ಇಂದು ಅದೇ ತತ್ತ್ವವನ್ನು ಹಿಡಿದು ವಿಜ್ಞಾನಿಗಳು ಕೂದಲೆಳೆಗಿಂತ ಹೆಚ್ಚು ದಪ್ಪವಿಲ್ಲದ ಗಾಜಿನ ಗೋಲಗಳೊಳಗೆ ಬೆಳಕನ್ನು ಸುತ್ತಿಸಿ ಸೂಕ್ಷ್ಮ ಪದಾರ್ಥಗಳನ್ನು ಗುರುತಿಸುತ್ತಾರೆ. ಮಾಯೆಯೆಂದಷ್ಟೇ ನಂಬಿ ಕೈಮುಗಿದಿದ್ದರೆ ಈ ದೊಡ್ಡ ಬೆರಗು ನಮ್ಮ ಪಾಲಿಗೆ ಬರುತ್ತಿರಲಿಲ್ಲ.

ಮೂರನೆಯ ಸಾಕ್ಷಿ ತಿಕೋಟಾ, ಬಬಲೇಶ್ವರ ಭಾಗದ ಒಕ್ಕಲಿಗನಿಗೆ ಹತ್ತಿರದ್ದು; ಅದು ನೀರು. ಮಳೆ ಕಡಿಮೆಯ ಈ ಸೀಮೆಯಲ್ಲಿ ನೀರಿನ ಚಿಂತೆ ಇಂದಿನದಲ್ಲ. ಬಬಲೇಶ್ವರ ಸೀಮೆಯ ಮಮದಾಪುರದ ಕೆರೆಯನ್ನು ಮುಹಮ್ಮದ ಆದಿಲ್‌ಶಾಹ 1633ರಲ್ಲಿ ಕಟ್ಟಿಸಿದ. ಒಂದು ಹೊಲದ ಬಾವಿಯಲ್ಲಿ ನೀರು, ಬದುವಿನಾಚೆಯ ಹೊಲದಲ್ಲಿ ಬರಿ ಕಲ್ಲು. ಹಿರಿಯರು ಇದನ್ನು ದೈವವೆಂದರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸ ಪದರಪದರವಾಗಿ ಹರಿದು ಈ ಕಪ್ಪುಶಿಲೆಯ ನೆಲವಾಯಿತೆಂದೂ, ಬಂಡೆಯ ಬಿರುಕಿನಲ್ಲಿಯೂ ಎರಡು ಪದರಗಳ ನಡುವೆಯೂ ಮಾತ್ರ ನೀರು ನಿಲ್ಲುವುದೆಂದೂ ಭೂವಿಜ್ಞಾನ ತಿಳಿಸಿತು. ಕಾರಣವೇನೋ ತಿಳಿಯಿತು. ಆದರೆ ತನ್ನ ಹೊಲದಲ್ಲಿ ಆ ಬಿರುಕು ಎಲ್ಲಿದೆಯೆಂಬುದು ಸಾಲ ಮಾಡಿ ಕೊಳವೆಬಾವಿ ಕೊರೆಸುವ ದ್ರಾಕ್ಷಿ ಬೆಳೆಗಾರನಿಗೆ ಇಂದಿಗೂ ಒಗಟೇ. ಹಾಗೆಂದು ಅರಿವು ನಿಷ್ಫಲವಲ್ಲ. ಆಳಕ್ಕಿಳಿದಷ್ಟೂ ನೀರು ಸಿಕ್ಕೇ ಸಿಗುವುದೆಂಬ ಭ್ರಮೆಯನ್ನು ಅದು ಕಳೆಯಿತು. ಬಿದ್ದ ಮಳೆಯನ್ನು ಹಿಡಿದಿಡುವುದು, ಕೆರೆ ತುಂಬಿಸುವುದು ಲೇಸೆಂದು ಕಲಿಸಿತು. ಅರಿವು ಒಗಟನ್ನು ಪೂರ್ತಿ ಬಿಡಿಸದಿದ್ದರೂ ನಡೆಯಬೇಕಾದ ದಾರಿಯನ್ನು ತೋರಿಸುತ್ತದೆ.

ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮವನ್ನು ಬೆಳಗಿ, 2023ರ ಜನವರಿ 2ರಂದು ದೇಹ ಬಿಟ್ಟ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳನ್ನು ಇಲ್ಲಿ ಸ್ಮರಿಸದಿರಲಾಗದು. ತತ್ತ್ವಶಾಸ್ತ್ರದಲ್ಲಿ ಎಂ. ಎ. ಪಡೆದ ಅವರು ಅಲ್ಲಮಪ್ರಭುದೇವರ ವಚನಗಳಿಗೆ ನಿರ್ವಚನ ಬರೆದರು. ಬೆಡಗಿನ ವಚನದ ಒಂದೊಂದು ಸಂಕೇತವನ್ನು ಬಿಡಿಸಿದಂತೆ ಅರ್ಥ ತಿಳಿಯಾಗುತ್ತದೆ. ಆದರೆ ಆ ಅರ್ಥ ಕೈತೋರುವ ಬಯಲು ಬಿಡಿಸಿ ಮುಗಿಯುವಂಥದಲ್ಲ. ತಮ್ಮ ದೇಹಕ್ಕೆ ಅಗ್ನಿಸಂಸ್ಕಾರವಾಗಲಿ, ಸ್ಮಾರಕ ಬೇಡವೆಂದು ಅವರು ಬರೆದಿಟ್ಟದ್ದು ಕೂಡ ಆ ಬಯಲಿನ ಅರಿವಿಗೆ ತಕ್ಕ ನಡೆಯೇ ಆಗಿತ್ತು.

ಆದಕಾರಣ ನಿಗೂಢವೆಂಬುದರಲ್ಲಿ ಎರಡು ಬಗೆಯುಂಟೆಂದು ತಿಳಿಯಬೇಕು. ಒಂದು, ಕಟ್ಟು ಬಿಚ್ಚದಿರುವುದರಿಂದ ಉಳಿದ ಮಬ್ಬು. ಇನ್ನೊಂದು, ಬಿಚ್ಚಿ ಓದಿದ ಮೇಲೆ ಮೂಡುವ ಬೆರಗು. ಮೊದಲನೆಯದನ್ನು ಅರಿವು ಕಳೆಯುತ್ತದೆ, ಎರಡನೆಯದನ್ನು ಬೆಳೆಸುತ್ತದೆ. ಮಬ್ಬನ್ನೇ ಭಕ್ತಿಯೆಂದು ಕಾಪಾಡಹೊರಟರೆ ಉಳಿಯುವುದು ಗೆದ್ದಲಿನ ಮಣ್ಣು. ಬೆರಗಿನಿಂದ ಹುಟ್ಟಿದ ಭಕ್ತಿಯು ಪ್ರಶ್ನೆಗೆ ಅಂಜದು. ಭಕ್ತಬಾಂಧವರ ಮನೆಯ ಜಗುಲಿಯ ಮೇಲೆ, ಅಟ್ಟದ ಮೂಲೆಯಲ್ಲಿ ಇಂದಿಗೂ ಓಲೆಯ ಕಟ್ಟೋ ಹಳೆಯ ಕಾಗದದ ಹಸ್ತಪ್ರತಿಯೋ ಇದ್ದರೆ, ಪೂಜೆಯೊಡನೆ ಅದನ್ನು ಬಲ್ಲವರ ಕೈಗೂ ತೋರಿಸಲಿ. ಮಕ್ಕಳು ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಸದೆ ಅವರೊಡನೆ ಕುಳಿತು ಉತ್ತರ ಹುಡುಕಲಿ. ಮನೆ ಮಾರಿ ಅಚ್ಚುಕೂಟ ನಡೆಸಿದ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ನಿಜವಾದ ಶರಣಾರ್ಥಿ ಅದೇ.