ಕೊರಳಿಂದ ಕೊರಳಿಗೆ ಹೋದ ಮರದ ತುಂಡು

ಮಕ್ಕಳು ಮಕ್ಕಳನ್ನು ಕಾಡುವ ವಿಷಯ ಸ್ಟಾಫ್ ರೂಮಿನಲ್ಲಿ ಬಂದಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು ಹೇಳುವುದುಂಟು: "ಮಕ್ಕಳಲ್ವಾ, ಬಿಡಿ ಟೀಚರೇ. ಇವತ್ತು ಜಗಳ ಮಾಡ್ತಾರೆ, ನಾಳೆ ಒಟ್ಟಿಗೆ ಆಡ್ತಾರೆ."

ಜಗಳದ ಮಟ್ಟಿಗೆ ಈ ಮಾತು ಸರಿ. ಇಬ್ಬರು ಹುಡುಗರು ಒಂದು ಪೆನ್ಸಿಲಿಗಾಗಿ ಹೊಡೆದಾಡಿದರೆ ಅದು ಜಗಳವೇ. ಆದರೆ ಒಂದೇ ಮಗುವನ್ನು ನಾಲ್ಕಾರು ಮಂದಿ ಸೇರಿ ದಿನಾ ಗೇಲಿ ಮಾಡುವುದು, ಅದರ ಮಾತನ್ನು ಅಣಕಿಸುವುದು, ಊಟಕ್ಕೆ ಕೂತಾಗ ಅದರ ಪಕ್ಕದಿಂದ ಎದ್ದು ಹೋಗುವುದು... ಇದು ಬೇರೆಯೇ. ಇಂಗ್ಲಿಷಿನವರು ಬುಲ್ಲಿಯಿಂಗ್ ಎನ್ನುತ್ತಾರೆ. ನಾವು ಕಾಟ ಕೊಡುವುದು, ಗೋಳು ಹೊಯ್ದುಕೊಳ್ಳುವುದು, ಪೀಡನೆ ಎಂದೆಲ್ಲ ಸಂದರ್ಭಕ್ಕೆ ತಕ್ಕ ಹಾಗೆ ಹೇಳುತ್ತೇವೆ.

ಕಾರಣ ಕೇಳಿದರೆ ನಮ್ಮಲ್ಲಿ ಪಟ್ಟಿ ಸಿದ್ಧವಿದೆ. ಮನೆಯ ವಾತಾವರಣ, ಅಪ್ಪನ ಕುಡಿತ, ಟಿ.ವಿ., ಈಗ ಮೊಬೈಲ್. ಯಾವುದೂ ಸುಳ್ಳಲ್ಲ. ಆದರೆ ಆ ಪಟ್ಟಿಯಲ್ಲಿ ಶಾಲೆಯ ಹೆಸರು ಮಾತ್ರ ಇರುವುದೇ ಇಲ್ಲ, ಗಮನಿಸಿದ್ದೀರಾ? ಶಾಲೆಯೇ ಮಕ್ಕಳ ಕೈಗೆ ಕೊಟ್ಟ ಒಂದು ಸಾಧನದ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಭಾಷೆಯ ಗಡಿಯಲ್ಲಿ ಕೂತು ಪಾಠ ಮಾಡುವ ನಮ್ಮಂಥವರು ತಿಳಿದಿರಬೇಕಾದ ಚರಿತ್ರೆ ಅದು.

ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿ ವೇಲ್ಸ್ ಎಂಬ ಸೀಮೆ ಇದೆ. ಅಲ್ಲಿಯವರ ಭಾಷೆ ವೆಲ್ಷ್. ಇಂಗ್ಲಿಷಿಗೂ ಅದಕ್ಕೂ ನಮ್ಮ ಕನ್ನಡಕ್ಕೂ ತುಳುವಿಗೂ ಇರುವಷ್ಟು ಹತ್ತಿರದ ನಂಟೂ ಇಲ್ಲ. 18 ಮತ್ತು 19ನೇ ಶತಮಾನಗಳಲ್ಲಿ ಅಲ್ಲಿನ ಹಲವು ಶಾಲೆಗಳಲ್ಲಿ ಒಂದು ಪದ್ಧತಿ ಇತ್ತು. ಒಂದು ಚಿಕ್ಕ ಮರದ ತುಂಡಿಗೆ ದಾರ ಕಟ್ಟಿರುತ್ತಿದ್ದರು. ಕೆಲವೆಡೆ ಅದರ ಮೇಲೆ 'ಡಬ್ಲ್ಯು. ಎನ್.' ಎಂದು ಕೆತ್ತಿರುತ್ತಿತ್ತು, ಅಂದರೆ 'ವೆಲ್ಷ್ ನಾಟ್', ವೆಲ್ಷ್ ಕೂಡದು. ಬೆಳಿಗ್ಗೆ ಮೊದಲು ಯಾವ ಮಗು ಬಾಯಿ ತಪ್ಪಿ ವೆಲ್ಷ್ ಮಾತಾಡಿತೋ ಅದರ ಕೊರಳಿಗೆ ಈ ತುಂಡು. ಆ ಮಗು ಅದನ್ನು ಕಳೆದುಕೊಳ್ಳಬೇಕಾದರೆ ಒಂದೇ ದಾರಿ: ವೆಲ್ಷ್ ಮಾತಾಡುವ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಆಗ ತುಂಡು ಆ ಕೊರಳಿಗೆ. ಹೀಗೆ ಕೊರಳಿಂದ ಕೊರಳಿಗೆ ಹೋಗಿ ಸಂಜೆ ಶಾಲೆ ಬಿಡುವಾಗ ಅದು ಯಾರ ಕೊರಳಲ್ಲಿದೆಯೋ ಅವರಿಗೆ ಬೆತ್ತದ ಪೆಟ್ಟು.

ಇದರ ಜಾಣತನ ನೋಡಿ. ಮಾಷ್ಟ್ರು ಇಡೀ ದಿನ ಏನೂ ಮಾಡಬೇಕಾಗಿಲ್ಲ, ಸಂಜೆ ಒಂದು ಸಲ ಕೈ ಎತ್ತಿದರೆ ಸಾಕು. ಉಳಿದ ಕೆಲಸವನ್ನೆಲ್ಲ ಮಕ್ಕಳೇ ಮಾಡುತ್ತಾರೆ.

1847ರಲ್ಲಿ ವೇಲ್ಸಿನ ಶಿಕ್ಷಣದ ಬಗ್ಗೆ ಸರಕಾರದ ತನಿಖಾ ವರದಿಯೊಂದು ಬಂತು. ತನಿಖೆ ಮಾಡಿದವರು ಮೂವರು ಇಂಗ್ಲಿಷ್ ವಕೀಲರು, ಮೂವರಿಗೂ ವೆಲ್ಷ್ ಬರುತ್ತಿರಲಿಲ್ಲ. ವೆಲ್ಷ್ ಭಾಷೆಯನ್ನೂ ಜನರನ್ನೂ ಅವರು ಎಷ್ಟು ಕೀಳಾಗಿ ಚಿತ್ರಿಸಿದರೆಂದರೆ ಅಲ್ಲಿಯ ಜನ ಇಂದಿಗೂ ಆ ವರದಿಯನ್ನು 'ನೀಲಿ ಪುಸ್ತಕಗಳ ದ್ರೋಹ' ಎಂದೇ ಕರೆಯುತ್ತಾರೆ (ಸರಕಾರಿ ವರದಿಗಳಿಗೆ ನೀಲಿ ರಟ್ಟು ಇರುತ್ತಿತ್ತು). ವಿಚಿತ್ರವೆಂದರೆ ಮರದ ತುಂಡಿನ ಪದ್ಧತಿ ಅಂಥವರಿಗೂ ಹಿಡಿಸಲಿಲ್ಲ! ಉತ್ತರ ವೇಲ್ಸಿನ ವರದಿಯಲ್ಲಿ ಅದರ ಒಂದು ಪರಿಣಾಮವನ್ನು ಬರೆದಿಟ್ಟಿದ್ದಾರೆ. ತಮ್ಮ ಕೊರಳ ತುಂಡನ್ನು ದಾಟಿಸುವುದಕ್ಕಾಗಿ ಮಕ್ಕಳು ಸಹಪಾಠಿಗಳ ಮನೆಯ ಹತ್ತಿರ ಕದ್ದು ಹೋಗಿ, ಅವರು ತಾಯಿತಂದೆಯರ ಜೊತೆ ವೆಲ್ಷ್ ಮಾತಾಡುತ್ತಾರೋ ಎಂದು ಹೊಂಚಿ ಕೇಳುತ್ತಿದ್ದರಂತೆ. ಅಮ್ಮನ ಹತ್ತಿರ ಊಟ ಕೇಳಿದ್ದಕ್ಕೆ ಮರುದಿನ ಪೆಟ್ಟು. ಇಂಗ್ಲಿಷ್ ಬಾರದ ಹುಡುಗನೊಬ್ಬನ ಕೊರಳಲ್ಲಿ ಆ ತುಂಡನ್ನು ನೋಡಿದ ತನಿಖೆಯವರು, ಅವನು ಒಂದೋ ವೆಲ್ಷ್ ಮಾತಾಡಬೇಕು, ಇಲ್ಲವೇ ಬಾಯಿ ಮುಚ್ಚಿ ಕೂರಬೇಕು, ಬೇರೆ ದಾರಿ ಇಲ್ಲ ಎಂಬರ್ಥದ ಮಾತನ್ನೂ ಬರೆದಿದ್ದಾರೆ.

ಇದು ಸರಕಾರದ ಆಜ್ಞೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ತುಂಡು ಕಟ್ಟಿದವರಲ್ಲಿ ಎಷ್ಟೋ ಮಾಷ್ಟ್ರುಗಳು ವೆಲ್ಷ್ ಮಾತಾಡುವವರೇ. ಮಕ್ಕಳಿಗೆ ಇಂಗ್ಲಿಷ್ ಬಂದರೆ ನಾಳೆ ಕೆಲಸ ಸಿಗುತ್ತದೆ ಎಂದು ತಾಯಿತಂದೆಯರೂ ಒಪ್ಪಿದ್ದರು. ಕೆಟ್ಟ ಮನಸ್ಸಿನವರು ಮಾಡಿದ ಕೆಲಸವಾಗಿದ್ದರೆ ಇಷ್ಟು ವರ್ಷಗಳ ನಂತರ ಅದರ ಬಗ್ಗೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಆ ಕಾಲಕ್ಕೆ ಶಾಲೆಗಳಲ್ಲಿ ಇಂಥ ಅವಮಾನದ ಶಿಕ್ಷೆಗಳು ಹೊಸದೂ ಅಲ್ಲ. 1798ರಲ್ಲಿ ಲಂಡನ್ನಿನಲ್ಲಿ ಬಡಮಕ್ಕಳ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರ್ ಬೆತ್ತವನ್ನು ಇಷ್ಟಪಡದ ಮನುಷ್ಯ. ಬೆತ್ತದ ಬದಲು ಆತ ಮಾಡಿದ್ದೇನು ಗೊತ್ತೇ? ತಪ್ಪು ಮಾಡಿದವನ ಕೊರಳಿಗೆ ಮರದ ಕೊರಡು ಕಟ್ಟಿಸಿದ, ಬುಟ್ಟಿಯಲ್ಲಿ ಕೂರಿಸಿ ಮಾಡಿಗೆ ಏರಿಸಿದ. ಎಲ್ಲರೂ ನೋಡಿ ನಗಬೇಕು, ಅದೇ ಶಿಕ್ಷೆ. ದೊಡ್ಡ ಮಕ್ಕಳನ್ನು ಚಿಕ್ಕವರ ಮೇಲೆ ಮಾನಿಟರ್ ಆಗಿ ನೇಮಿಸುವ ಪದ್ಧತಿಯನ್ನು ಪ್ರಚಾರ ಮಾಡಿದವರಲ್ಲಿ ಆತನೂ ಒಬ್ಬ. ಇನ್ನೊಬ್ಬ ಆಂಡ್ರ್ಯೂ ಬೆಲ್ ಆ ಪದ್ಧತಿಯನ್ನು ರೂಪಿಸಿದ್ದು ನಮ್ಮ ಮದರಾಸಿನ ಅನಾಥ ಹುಡುಗರ ಶಾಲೆಯಲ್ಲಿ. ಮಲಬಾರಿನ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ನೋಡಿ ಆತನಿಗೆ ಅದರ ಮೊದಲ ಹೊಳಹು ಸಿಕ್ಕಿತ್ತು. ನಮ್ಮ ತರಗತಿಗಳ 'ಲೀಡರ್' ಎಲ್ಲಿಂದೆಲ್ಲಿಗೆ ಹೋಗಿ ತಿರುಗಿ ಬಂದ ನೋಡಿ.

ವೇಲ್ಸಿಗೆ ಮರಳೋಣ. ಬಾಲಾ ಎಂಬ ದೊಡ್ಡ ಕೆರೆಯ ಸಮೀಪದ ಹಳ್ಳಿಯೊಂದರಲ್ಲಿ 1858ರಲ್ಲಿ ಹುಟ್ಟಿದ ಓ. ಎಂ. ಎಡ್ವರ್ಡ್ಸ್ ಎಂಬವರು ಮುಂದೆ ಆಕ್ಸ್‌ಫರ್ಡಿನಲ್ಲಿ ಚರಿತ್ರೆಯ ಅಧ್ಯಾಪಕರಾದರು. ಬಾಲ್ಯದಲ್ಲಿ ಈ ತುಂಡು ದಿನಾ ತನ್ನ ಕೊರಳಿಗೇ ಬಂದು ಸೇರುತ್ತಿತ್ತು ಎಂದು ಅವರು ನೆನಪಿನ ಬರಹಗಳಲ್ಲಿ ಹೇಳಿಕೊಂಡಿದ್ದಾರೆ. ಕಾರಣ, ಅವರು ಇನ್ನೊಬ್ಬನ ಮೇಲೆ ಚಾಡಿ ಹೇಳುತ್ತಿರಲಿಲ್ಲ. ಆ ಮಟ್ಟಿಗೆ ತನ್ನ ಬಾಳಿನಲ್ಲಿ ಒಂದು ಸಮಾಧಾನ ಇದೆ ಎನ್ನುತ್ತಾರೆ. 1907ರಲ್ಲಿ ಅವರೇ ವೇಲ್ಸಿನ ಶಾಲೆಗಳ ಮುಖ್ಯ ಇನ್ಸ್‌ಪೆಕ್ಟರ್ ಆದರು, ವೆಲ್ಷ್ ಕಲಿಸಿ ಎಂದು ಶಾಲೆ ಶಾಲೆಗೆ ಹೇಳಿದರು. ಅವರ ಮಗ 1939ರಲ್ಲಿ ಆಬರಿಸ್ಟ್‌ವಿತ್ ಎಂಬ ಊರಿನಲ್ಲಿ ಮೊದಲ ವೆಲ್ಷ್ ಮಾಧ್ಯಮ ಪ್ರಾಥಮಿಕ ಶಾಲೆ ತೆರೆದರು. ಸೇರಿದ ಮಕ್ಕಳು ಏಳು. (ಡಿವಿಜನ್ ಹೋಗುತ್ತದೆ ಎಂದು ಜೂನ್ ತಿಂಗಳಿಡೀ ತಲೆ ಎಣಿಸುವ ನಮಗೆ ಈ ಏಳರ ಬೆಲೆ ಗೊತ್ತು.)

ಅಷ್ಟರಲ್ಲಿ ಬಹಳ ನಷ್ಟವಾಗಿತ್ತು. 1901ರಲ್ಲಿ ಅಲ್ಲಿ ಸುಮಾರು ಅರ್ಧದಷ್ಟು ಜನ ವೆಲ್ಷ್ ಮಾತಾಡುತ್ತಿದ್ದರು. 2021ರ ಗಣತಿಯಲ್ಲಿ ಶೇಕಡಾ 17.8. ಕಲ್ಲಿದ್ದಲ ಗಣಿ, ವಲಸೆ, ರೇಡಿಯೋ ಇವೆಲ್ಲ ಸೇರಿ ಹೀಗಾದದ್ದು, ಎಲ್ಲವನ್ನೂ ಒಂದು ಮರದ ತುಂಡಿನ ತಲೆಗೆ ಕಟ್ಟಬಾರದು.

ಇದು ವೇಲ್ಸಿನ ಕತೆ ಮಾತ್ರ ಆಗಿದ್ದರೆ ಅಲ್ಲಿಗೇ ಬಿಡಬಹುದಿತ್ತು. ಫ್ರಾನ್ಸಿನ ಬ್ರಿಟನಿಯಲ್ಲೂ ಮನೆಮಾತು ಆಡಿದ ಮಕ್ಕಳಿಗೆ ಇಂಥದೇ ಗುರುತು ತೊಡಿಸುತ್ತಿದ್ದರು. ಜಪಾನು 1879ರಲ್ಲಿ ರ್‍ಯುಕ್ಯು ರಾಜ್ಯವನ್ನು ನುಂಗಿ ಓಕಿನಾವಾ ಎಂಬ ಪ್ರಾಂತ್ಯವಾಗಿಸಿದ ಮೇಲೆ, 20ನೇ ಶತಮಾನದ ಆರಂಭದಿಂದ ಅಲ್ಲಿಯ ಶಾಲೆಗಳಲ್ಲಿ 'ಹೋಗೆನ್ ಫುದಾ' ಬಂತು. ಹಾಗೆಂದರೆ 'ಆಡುನುಡಿಯ ಹಲಗೆ'. ಅದೂ ಕೊರಳಿಂದ ಕೊರಳಿಗೆ ದಾಟುವಂಥದ್ದೇ. ಅಲ್ಲಿಯ ಹಿರಿಯರು ನೆನಪಿಸಿಕೊಳ್ಳುವ ಒಂದು ಸಂಗತಿ ಇದೆ. ಹಲಗೆ ಕೊರಳಲ್ಲಿದ್ದ ಮಗು ಇನ್ನೊಂದು ಮಗುವಿಗೆ ಹಿಂದಿನಿಂದ ಬಂದು ಹೊಡೆಯುತ್ತಿತ್ತು. ಪೆಟ್ಟು ಬಿದ್ದ ಮಗು ಜಪಾನಿ ಭಾಷೆಯಲ್ಲಿ ಅಳುತ್ತದೆಯೇ? ಓಕಿನಾವಾದ ಮಾತಿನಲ್ಲಿ "ಅಗಾ!" ಎಂದುಬಿಡುತ್ತಿತ್ತು. ಹಲಗೆ ಅದರ ಕೊರಳಿಗೆ!

ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ (1938–2025) ತನ್ನ ಶಾಲೆಯ ಬಗ್ಗೆ 1986ರ ಪುಸ್ತಕವೊಂದರಲ್ಲಿ ಬರೆದದ್ದೂ ಇದನ್ನೇ. ಅಲ್ಲಿ ಮರದ ತುಂಡಿಲ್ಲ, ಒಂದು ಗುಂಡಿ. 1952ರ ತುರ್ತುಸ್ಥಿತಿಯ ಬಳಿಕ ಗಿಕುಯು ಮಾತಾಡುವುದು ಶಾಲೆಯಲ್ಲಿ ಅಪರಾಧವಾಯಿತು. ಸಂಜೆ ಗುಂಡಿ ಯಾರಲ್ಲಿದೆಯೋ ಅವನು ತನಗೆ ಕೊಟ್ಟವನ ಹೆಸರು ಹೇಳಬೇಕು, ಅವನು ಅವನಿಗೆ ಕೊಟ್ಟವನ ಹೆಸರು ಹೇಳಬೇಕು... ಹೀಗೆ ಇಡೀ ದಿನದ ಅಪರಾಧಿಗಳು ಸಿಕ್ಕಿಬೀಳುತ್ತಿದ್ದರು.

ಸಮುದ್ರಗಳಾಚೆ ಇರುವ, ಒಂದಕ್ಕೊಂದು ಪರಿಚಯವಿಲ್ಲದ ಊರುಗಳಲ್ಲಿ ಮಕ್ಕಳು ಒಂದೇ ರೀತಿ ನಡೆದುಕೊಂಡರು. ಆ ಎಲ್ಲ ಮಕ್ಕಳೂ ಹುಟ್ಟಾ ದುಷ್ಟರಾಗಿದ್ದರೇ?

ಮಕ್ಕಳ ಕಾಟದ ಬಗ್ಗೆ ಶಾಸ್ತ್ರೀಯ ಅಧ್ಯಯನ ಶುರುವಾದದ್ದು ತೀರ ಈಚೆಗೆ, 1970ರ ದಶಕದಲ್ಲಿ, ಸ್ವೀಡನ್ ಮತ್ತು ನಾರ್ವೆಯಲ್ಲಿ. ಡಾನ್ ಓಲ್ವೇಯಸ್ ಎಂಬ ಮನೋವಿಜ್ಞಾನಿಯ ಹೆಸರು ಅದರಲ್ಲಿ ಮುಖ್ಯ. 1982ರ ಕೊನೆಗೆ ಉತ್ತರ ನಾರ್ವೆಯಲ್ಲಿ ಮೂವರು ಬಾಲಕರು ಸಹಪಾಠಿಗಳ ಕಾಟದಿಂದ ಆತ್ಮಹತ್ಯೆ ಮಾಡಿಕೊಂಡರೆಂಬ ಸುದ್ದಿ ಬಂದು, ದೇಶವೇ ಬೆಚ್ಚಿ, 1983ರಲ್ಲಿ ಎಲ್ಲ ಶಾಲೆಗಳಲ್ಲಿ ಆಂದೋಲನ ಆರಂಭವಾಯಿತು. ಬರ್ಗೆನ್ ನಗರದ 42 ಶಾಲೆಗಳಲ್ಲಿ ಸುಮಾರು 2500 ಮಕ್ಕಳನ್ನು ಓಲ್ವೇಯಸ್ ಗಮನಿಸುತ್ತಾ ಹೋದರು. ದೊಡ್ಡವರು ಕಣ್ಣು ತೆರೆದು, ನಿಯಮ ಸ್ಪಷ್ಟಪಡಿಸಿ, ಆಟದ ಬಯಲಿನಲ್ಲಿ ಹಾಜರಿದ್ದ ಕಡೆ ಎರಡು ವರ್ಷಗಳಲ್ಲಿ ಕಾಟ ಅರ್ಧದಷ್ಟಕ್ಕೆ ಇಳಿಯಿತು. ಮಕ್ಕಳು ಬದಲಾಗಿರಲಿಲ್ಲ, ಅದೇ ಮನೆ, ಅದೇ ಅಪ್ಪ ಅಮ್ಮ. ಬದಲಾದದ್ದು ಶಾಲೆ.

ಕಾಟವನ್ನು ಜಗಳದಿಂದ ಬೇರೆ ಮಾಡಲು ಓಲ್ವೇಯಸ್ ಮೂರು ಗುರುತು ಹೇಳಿದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಇಬ್ಬರ ಬಲದಲ್ಲಿ ಅಂತರ. ಈಗ ಮರದ ತುಂಡನ್ನು ಮತ್ತೊಮ್ಮೆ ನೋಡಿ. ನೋಯಿಸಲು ಕಾರಣವನ್ನು ಅದು ಒದಗಿಸುತ್ತದೆ, ನೋಯಿಸದಿದ್ದರೆ ಪೆಟ್ಟು ನನಗೇ. ದಿನಾ ನಡೆಯುತ್ತದೆ. ಹಿಡಿದುಕೊಡುವ ಮಗುವಿನ ಬೆನ್ನಿಗೆ ಇಡೀ ಶಾಲೆಯ ಬಲ ಇದೆ, ಸಿಕ್ಕಿಬಿದ್ದ ಮಗುವಿಗೆ ಯಾರೂ ಇಲ್ಲ.

ಪರಿಣಾಮವೂ ಒಂದು ಬಗೆಯದ್ದಲ್ಲ. ಕಾಟಕ್ಕೊಳಗಾದ ಮಕ್ಕಳಲ್ಲಿ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ತಲೆನೋವು. ದೊಡ್ಡವರಾದ ಮೇಲೂ ಖಿನ್ನತೆ, ತಾನು ಕೆಲಸಕ್ಕೆ ಬಾರದವನೆಂಬ ಭಾವ. ಕಾಟ ಕೊಟ್ಟವರೂ ಪಾರಾಗುವುದಿಲ್ಲ. 6ರಿಂದ 9ನೇ ತರಗತಿಯಲ್ಲಿ ಕಾಟ ಕೊಡುತ್ತಿದ್ದ ಹುಡುಗರಲ್ಲಿ ಸುಮಾರು ಶೇಕಡಾ 60 ಮಂದಿ 24ನೇ ವಯಸ್ಸಿನೊಳಗೆ ಒಂದು ಸಲವಾದರೂ ನ್ಯಾಯಾಲಯದಲ್ಲಿ ಶಿಕ್ಷೆಗೆ ಗುರಿಯಾಗಿದ್ದರು ಎಂದು ಓಲ್ವೇಯಸ್ ಕಂಡರು.

ಇಷ್ಟೆಲ್ಲ ನಾನು ಹುಡುಕಿ ಓದಿದ್ದಕ್ಕೆ ಒಂದು ಕಾರಣ ಇದೆ. ಹೇಳಲು ಈಗಲೂ ನಾಚಿಕೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನಗೆ ಆರನೇ ತರಗತಿಯ ಕ್ಲಾಸ್ ಚಾರ್ಜ್ ಇತ್ತು. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮೂವತ್ತು ಮಕ್ಕಳಿದ್ದರೆ ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮಾತಾಡುವವರು. 1956ರಿಂದ ಇಲ್ಲಿ ಕನ್ನಡವನ್ನು ಉಳಿಸಿದ್ದು ಈ ಮಕ್ಕಳು, ಕನ್ನಡ ಮನೆಮಾತಿನವರು ಮಾತ್ರವೇ ಅಲ್ಲ. ನಾನಾಗ ಇದನ್ನೆಲ್ಲ ಯೋಚಿಸಲಿಲ್ಲ. ಮಕ್ಕಳ ಬಾಯಲ್ಲಿ ಮಲಯಾಳ ಹೆಚ್ಚುತ್ತಿದೆ, ಕನ್ನಡ ಹೋಗುತ್ತಿದೆ ಎಂಬ ಹೆದರಿಕೆ ಇತ್ತು. "ತರಗತಿಯೊಳಗೆ ಕನ್ನಡ ಮಾತ್ರ" ಎಂದು ನಿಯಮ ಮಾಡಿದೆ. ಬೇರೆ ಮಾತಾಡಿದವರ ಹೆಸರನ್ನು ಲೀಡರ್ ಬೋರ್ಡಿನ ಮೂಲೆಯಲ್ಲಿ ಬರೆಯಬೇಕು. ಹೆಸರು ಬಂದವರು ಸಂಜೆ ಒಂದು ಪುಟ ಕಾಪಿ ಬರೆಯಬೇಕು. ಪೆಟ್ಟಿಲ್ಲ, ಬೈಗುಳಿಲ್ಲ. ಒಳ್ಳೆಯ ನಿಯಮ ಎಂದೇ ಅಂದುಕೊಂಡಿದ್ದೆ.

ಮೊದಲ ವಾರ ಎಲ್ಲರ ಹೆಸರೂ ಬರುತ್ತಿತ್ತು. ತುಳುವಿನವರು ಬೇಗ ಸುಧಾರಿಸಿಕೊಂಡರು. ತಿಂಗಳಾಗುವಾಗ ಬೋರ್ಡಿನಲ್ಲಿ ದಿನಾ ಒಂದೇ ಹೆಸರು, ಮನೆಯಲ್ಲಿ ಮಲಯಾಳ ಮಾತಾಡುವ ಒಬ್ಬಳು ಹುಡುಗಿಯದ್ದು. ನಾನು ಅವಳಿಗೆ ಬುದ್ಧಿ ಹೇಳಿದೆ. ಅವಳು ಮಾತು ಕಡಿಮೆ ಮಾಡಿದಳು, ಆಮೇಲೆ ಮಾತಾಡುವುದನ್ನೇ ಬಿಟ್ಟಳು. ಪಾಠ ಓದಲು ಎಬ್ಬಿಸಿದರೆ ಎದ್ದು ನಿಲ್ಲುತ್ತಿದ್ದಳು ಅಷ್ಟೆ. ಆದರೂ ಹೆಸರು ಬರುತ್ತಲೇ ಇತ್ತು. ಹೇಗೆ ಎಂದು ನಾನು ಕೇಳಲಿಲ್ಲ.

ಒಂದು ದಿನ ಅವಳ ತಾಯಿ ಟಿ.ಸಿ. ಕೇಳಿಕೊಂಡು ಬಂದರು. ಮಲಯಾಳ ಮೀಡಿಯಂಗೆ ಹಾಕುತ್ತಾರಂತೆ. ನಾನು ಕನ್ನಡದ ಬಗ್ಗೆ ಏನೇನೋ ಹೇಳಿದೆ. ಅವರು ಕೇಳಿಸಿಕೊಂಡು, ಮೆಲ್ಲಗೆ, ತಮಗೆ ಬರುವ ಕನ್ನಡದಲ್ಲೇ ಹೇಳಿದರು: "ಟೀಚರೇ, ಮೂರು ಮಕ್ಕಳು ದಿನಾ ಸಂಜೆ ನಮ್ಮ ಮನೆಯ ಬೇಲಿ ಹತ್ತಿರ ನಿಲ್ತಾರೆ. ಇವಳು ನನ್ನ ಹತ್ರ ಏನು ಮಾತಾಡ್ತಾಳೆ ಅಂತ ಕೇಳ್ಲಿಕ್ಕೆ."

ವೇಲ್ಸಿನ ಆ ವರದಿಯ ಬಗ್ಗೆ ನಾನು ಓದಿದ್ದು ಇದಾಗಿ ಎಷ್ಟೋ ವರ್ಷಗಳ ಮೇಲೆ. ಕದ್ದು ಹೋಗಿ ಕೇಳುತ್ತಿದ್ದರು ಎಂಬಲ್ಲಿಗೆ ಬಂದಾಗ ಮುಂದೆ ಓದಲಾಗಲಿಲ್ಲ.

ಬೇಲಿ ಹತ್ತಿರ ನಿಂತ ಆ ಮೂವರೂ ನನ್ನ ಒಳ್ಳೆಯ ಮಕ್ಕಳೇ. ಅವರಲ್ಲಿ ಒಬ್ಬನಿಗೆ ಅಮ್ಮ ಇರಲಿಲ್ಲ, ಪ್ರತಿ ದಿನ ಬೇಗ ಬಂದು ಬೋರ್ಡು ಒರೆಸುತ್ತಿದ್ದ. ನಾನು ಕರೆದು ಕೇಳಿದಾಗ ಅವನಿಗೆ ತಪ್ಪೇನೆಂದೇ ತಿಳಿಯಲಿಲ್ಲ. "ನೀವೇ ಹೇಳಿದ್ದಲ್ವಾ ಟೀಚರ್, ಕನ್ನಡ ಉಳಿಸಬೇಕು ಅಂತ?"

ಶಿಕ್ಷಣದ ಹಕ್ಕಿನ ಕಾಯ್ದೆ 2010ರಲ್ಲಿ ಜಾರಿಗೆ ಬಂತು. ಅದರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡಬಾರದೆನ್ನುತ್ತದೆ. ಬೋರ್ಡಿನ ಮೂಲೆಯ ಹೆಸರು ಹಿಂಸೆಯೋ ಅಲ್ಲವೋ ಎಂದು ಯಾವ ಇನ್ಸ್‌ಪೆಕ್ಷನ್ನಿನಲ್ಲೂ ಯಾರೂ ಕೇಳುವುದಿಲ್ಲ. ಕನ್ನಡವೋ ತುಳುವೋ ಮಾತಾಡಿದರೆ ದಂಡ ಹಾಕುವ ಇಂಗ್ಲಿಷ್ ಮೀಡಿಯಂ ಶಾಲೆಗಳನ್ನು ನಾವು ಸಭೆಗಳಲ್ಲಿ ಖಂಡಿಸುತ್ತೇವೆ. ನಾನೂ ಖಂಡಿಸಿದ್ದೇನೆ, ನನ್ನ ಬೋರ್ಡಿನಲ್ಲಿ ಆ ಹೆಸರು ಇದ್ದ ವರ್ಷವೇ.

ಟಿ.ಸಿ. ಕೊಟ್ಟ ದಿನವೇ ಪಟ್ಟಿ ಅಳಿಸಿದೆ, ಇನ್ನು ಯಾರೂ ಹೆಸರು ಬರೆಯಬೇಡಿ ಎಂದೆ. ಮಕ್ಕಳಿಗೆ ಅಷ್ಟು ಬೇಗ ಅಳಿಸಲಾಗಲಿಲ್ಲ. ಆ ವರ್ಷ ಮಾರ್ಚ್ ಪರೀಕ್ಷೆಯ ವರೆಗೂ ಯಾರಾದರೊಬ್ಬರು ನನ್ನ ಮೇಜಿನ ಬಳಿ ಬಂದು, ಅತ್ತಿತ್ತ ನೋಡಿ, ಮೆಲುದನಿಯಲ್ಲಿ ಹೇಳುತ್ತಿದ್ದರು: "ಟೀಚರ್, ಅವನು ಈಗ ಮಲಯಾಳ ಮಾತಾಡಿದ."