ಮುದ್ರಾಂಕ ಶುಲ್ಕ ಮರುಪಾವತಿ: ಆರು ತಿಂಗಳ ಗಡುವು ಮೀರಿದರೆ?

ಶಿವಮೊಗ್ಗ: ತುಂಗಾ ಹಿನ್ನೀರಿನ ದಂಡೆಯ ಆನೆ ಬಿಡಾರಕ್ಕೆ ಹೆಸರಾದ ಸಕ್ರೆಬೈಲು, ನಗರದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ದೂರದಲ್ಲಿದೆ. ಅದರ ಆಸುಪಾಸಿನಲ್ಲಿ ಒಬ್ಬರು 20 ಲಕ್ಷ ರೂ. ಮೌಲ್ಯದ ನಿವೇಶನ ಖರೀದಿಗೆ ಮುಂದಾದರೆಂದು ಭಾವಿಸೋಣ. ಶೇ. 5ರಂತೆ ಮುದ್ರಾಂಕ ಶುಲ್ಕ 1 ಲಕ್ಷ ರೂ. ಆ ಶುಲ್ಕದ ಮೇಲೆ ಶೇ. 10 ಸೆಸ್ ಹಾಗೂ ಗ್ರಾಮೀಣ ಪ್ರದೇಶವಾದ್ದರಿಂದ ಶೇ. 3 ಸರ್‌ಚಾರ್ಜ್ ಸೇರಿ ಒಟ್ಟು 1,13,000 ರೂ. ಶೇ. 1ರಷ್ಟಿದ್ದು 2025ರ ಆಗಸ್ಟ್ 31ರಿಂದ ಶೇ. 2ಕ್ಕೇರಿದ ನೋಂದಣಿ ಶುಲ್ಕ 40 ಸಾವಿರ ರೂ. ಬೇರೆ. ಹಣ ಕಟ್ಟಿಯಾದ ಮೇಲೆ ಹಕ್ಕಿನ ತಕರಾರು ಎದ್ದು ವ್ಯವಹಾರ ಮುರಿದುಬಿದ್ದರೆ ಕಟ್ಟಿದ ಶುಲ್ಕದ ಗತಿಯೇನು?

ಕರ್ನಾಟಕ ಮುದ್ರಾಂಕ ಕಾಯ್ದೆ, 1957ರಲ್ಲಿ ಇದಕ್ಕೆ ದಾರಿಯಿದೆ. ಬಳಕೆಯಾಗದ ಅಥವಾ ಉದ್ದೇಶ ವಿಫಲವಾದ ಮುದ್ರಾಂಕದ ಮೊತ್ತವನ್ನು ನಿಗದಿತ ಕಡಿತದೊಂದಿಗೆ ಹಿಂದಿರುಗಿಸಬಹುದು. ಕಾಯ್ದೆಯ ಭಾಷೆ ಮಾತ್ರ ಶಾಯಿ ಚೆಲ್ಲಿ ಕಾಗದ ಹಾಳಾಗುತ್ತಿದ್ದ ಕಾಲದ್ದು. ಇ-ಸ್ಟಾಂಪ್ ಬಂದ ನಂತರವೂ 'ಹಾಳಾದ ಮುದ್ರಾಂಕ' ಎಂಬ ಮಾತೇ ಉಳಿದಿದೆ. ಅರ್ಜಿ ಸಲ್ಲಿಸಬೇಕಾದುದು ಜಿಲ್ಲಾ ನೋಂದಣಾಧಿಕಾರಿಗೆ. ಶುಲ್ಕ ಪಾವತಿಯ ಮೂಲ ದಾಖಲೆ, ಬರೆದಿದ್ದರೆ ಪತ್ರ, ವ್ಯವಹಾರ ಕೈಬಿಟ್ಟುದಕ್ಕೆ ಪುರಾವೆ ಜೊತೆಗಿರಬೇಕು.

ಗಡುವು ಸಾಮಾನ್ಯವಾಗಿ ಆರು ತಿಂಗಳು. ಅದನ್ನು ಎಣಿಸುವ ಬಗೆಯಲ್ಲೇ ಹೆಚ್ಚಿನವರು ಎಡವುವುದು. ಪತ್ರಕ್ಕೆ ಯಾರೂ ಸಹಿ ಹಾಕಿಲ್ಲದಿದ್ದರೆ ಮುದ್ರಾಂಕ ಹಾಳಾದ ದಿನದಿಂದ, ಒಬ್ಬರಾದರೂ ಸಹಿ ಹಾಕಿದ್ದರೆ ಪತ್ರದ ದಿನಾಂಕದಿಂದ ಲೆಕ್ಕ. ವ್ಯವಹಾರ ಮುರಿದ ದಿನವಾಗಲಿ, ಮಾರಾಟಗಾರ ಮುಂಗಡ ಹಿಂದಿರುಗಿಸಿದ ದಿನವಾಗಲಿ ಗಣನೆಗೆ ಬರುವುದಿಲ್ಲ. ಇನ್ನೊಂದೆಡೆ, ನೋಂದಣಿ ಕಾಯ್ದೆ, 1908ರ ಪ್ರಕಾರ ಸಹಿಯಾದ ಪತ್ರವನ್ನು ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ದಂಡ ತೆತ್ತು ಮತ್ತೆ ನಾಲ್ಕು ತಿಂಗಳು ಪಡೆಯಬಹುದು. ಈ ಎಂಟು ತಿಂಗಳನ್ನು ನಂಬಿ 'ಇಂದಲ್ಲ ನಾಳೆ ಸರಿಹೋದೀತು' ಎಂದು ಕಾಯುವವರಿಗೆ ಮರುಪಾವತಿಯ ಅವಧಿ ಆರನೇ ತಿಂಗಳಲ್ಲೇ ಮುಗಿದಿರುತ್ತದೆ. ನೋಂದಣಿ ಮುಗಿದ ಕ್ರಯಪತ್ರವನ್ನು ಆಮೇಲೆ ಪರಸ್ಪರ ಒಪ್ಪಿ ರದ್ದುಮಾಡಿಕೊಂಡ ಮಾತ್ರಕ್ಕೆ ಶುಲ್ಕ ಮರಳುವುದಿಲ್ಲ.

ಗಡುವು ಮೀರಿದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಸುಪ್ರೀಂ ಕೋರ್ಟ್‌ನ ಕೆಲವು ತೀರ್ಪುಗಳು ಇಲ್ಲಿ ಮುಖ್ಯ. ಕಮಿಟಿ-ಜಿಎಫ್‌ಐಎಲ್ ವಿರುದ್ಧ ಲಿಬ್ರಾ ಬಿಲ್ಡ್‌ಟೆಕ್ ಪ್ರಕರಣದಲ್ಲಿ (2015), ನ್ಯಾಯಾಲಯವೇ ರದ್ದುಪಡಿಸಿದ ಮಾರಾಟದ ಶುಲ್ಕವನ್ನು ಹಿಂದಿರುಗಿಸುವಂತೆ ಆದೇಶವಾಯಿತು. 2021ರ ಸೆಪ್ಟೆಂಬರ್‌ನಲ್ಲಿ, ಬಿಲ್ಡರ್ ಜೊತೆಗಿನ ವ್ಯಾಜ್ಯದಿಂದ ತಡವಾದ ಪುಣೆಯ ಫ್ಲ್ಯಾಟ್ ಖರೀದಿದಾರರೊಬ್ಬರಿಗೆ ಸಂವಿಧಾನದ 142ನೇ ವಿಧಿಯಡಿ ಪರಿಹಾರ ದೊರೆಯಿತು. 2024ರ ಮೇ 17ರ ತೀರ್ಪು ಇನ್ನೂ ಸ್ಪಷ್ಟ. ಮಹಾರಾಷ್ಟ್ರದ ಮಹಿಳೆಯೊಬ್ಬರು 2014ರಲ್ಲಿ 25,34,400 ರೂ. ಮುದ್ರಾಂಕ ಶುಲ್ಕ ಕಟ್ಟಿದ್ದರು. ಆ ಆಸ್ತಿಯನ್ನು ಮಾರಾಟಗಾರ 1992ರಲ್ಲೇ ಬೇರೊಬ್ಬರಿಗೆ ಮಾರಿದ್ದುದು ಆಮೇಲೆ ಬೆಳಕಿಗೆ ಬಂತು. ಆನ್‌ಲೈನ್ ಅರ್ಜಿ ಆರು ತಿಂಗಳೊಳಗೇ ಸಲ್ಲಿಕೆಯಾಗಿತ್ತು. ರದ್ದತಿ ಪತ್ರ ಮಾತ್ರ ನವೆಂಬರ್‌ನಲ್ಲಿ ಆಯಿತು. ಕಾಲಮಿತಿಯ ಕಾರಣಕ್ಕೆ ಪ್ರಾಮಾಣಿಕ ಅರ್ಜಿಯನ್ನು ತಳ್ಳಿಹಾಕಲಾಗದೆಂದು ನ್ಯಾಯಾಲಯ ಹಣ ಮರಳಿಸಲು ಹೇಳಿತು.

ಹಾಗೆಂದು ಶಿವಮೊಗ್ಗ, ಭದ್ರಾವತಿಯ ಸಾಮಾನ್ಯ ಖರೀದಿದಾರರು ಇದನ್ನೇ ನೆಚ್ಚಿಕೊಳ್ಳುವಂತಿಲ್ಲ. ಇವು ವರ್ಷಗಟ್ಟಲೆ ನಡೆದ ಮೊಕದ್ದಮೆಗಳು. ಒಂದು ಲಕ್ಷ ರೂ.ಗಾಗಿ ದೆಹಲಿವರೆಗೆ ಹೋದರೆ ವಕೀಲರ ಶುಲ್ಕಕ್ಕೇ ಅದು ಸಾಲದು. ಪ್ರತಿಗಳು ಕೈಸೇರಿರದಿದ್ದರೂ ಮೊದಲು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು, ಉಳಿದುದನ್ನು ಆಮೇಲೆ ಒದಗಿಸುವುದು ಕ್ಷೇಮ.

ಹೆಚ್ಚುವರಿ ಶುಲ್ಕದ ವಿಷಯ ಬೇರೆ. ಮಾರ್ಗಸೂಚಿ ಬೆಲೆಗಿಂತ ಕಡಿಮೆ ಮೌಲ್ಯ ನಮೂದಿಸಿದ ಪತ್ರ 45-ಎ ಕಲಮಿನಡಿ ಮೌಲ್ಯ ನಿರ್ಧಾರಕ್ಕೆ ಹೋಗುತ್ತದೆ. ಆ ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಯೇ ಮಾರ್ಗ. ಅದಕ್ಕೂ ಪ್ರತ್ಯೇಕ ಕಾಲಮಿತಿಯಿದೆ.

ಇಂಗ್ಲೆಂಡಿನಲ್ಲಿ ನೆಲೆಸಿದ ಮಲೆನಾಡಿನವರಿಗೂ ಇಂಥದೇ ಗಡುವಿನ ಕಾಟವುಂಟು. ಅಲ್ಲಿ ಎರಡನೇ ಮನೆಯ ಖರೀದಿಗೆ 2016ರ ಏಪ್ರಿಲ್‌ನಿಂದ ಶೇ. 3 ಹೆಚ್ಚುವರಿ ತೆರಿಗೆ ಜಾರಿಯಾಯಿತು; 2024ರ ಅಕ್ಟೋಬರ್ 31ರಿಂದ ಅದು ಶೇ. 5. ಶಿವಮೊಗ್ಗದಲ್ಲಿರುವ ಮನೆಯೂ ಲೆಕ್ಕಕ್ಕೆ ಬರುತ್ತದೆಂಬುದು ಹಲವರಿಗೆ ತಿಳಿದಿರುವುದಿಲ್ಲ. ಹಿಂದೆ ತಾವೇ ವಾಸವಿದ್ದ ಮನೆಯನ್ನು ಸಾಮಾನ್ಯವಾಗಿ ಮೂರು ವರ್ಷದೊಳಗೆ ಮಾರಿದರೆ ಹೆಚ್ಚುವರಿ ಹಣ ಕೇಳಬಹುದು. ಕೇಳಲು ಮೊದಲು ಮೂರೇ ತಿಂಗಳ ಅವಕಾಶವಿತ್ತು. 2018ರ ಅಕ್ಟೋಬರ್‌ನಲ್ಲಿ ಅದನ್ನು 12 ತಿಂಗಳಿಗೆ ವಿಸ್ತರಿಸಲಾಯಿತು.