ಕ್ಸಿಫ್ಯಾಕ್ಟಿನಸ್: ಮೀನಿನೊಳಗೊಂದು ಮೀನು

ಕಾಲ: ಕ್ರಿಟೇಷಿಯಸ್ ಯುಗದ ಉತ್ತರಾರ್ಧ
ದೊರೆತ ಸ್ಥಳ: ಗೋವ್ ಕೌಂಟಿ, ಕಾನ್ಸಾಸ್, ಅಮೆರಿಕ
ಉದ್ದ: 4 ಮೀಟರಿಗೂ ಹೆಚ್ಚು
ಇರುವ ಸ್ಥಳ: ಸ್ಟರ್ನ್‌ಬರ್ಗ್ ಮ್ಯೂಸಿಯಂ, ಹೇಸ್

ದೊಡ್ಡ ಮೀನಿನ ಪಕ್ಕೆಲುಬುಗಳ ನಡುವೆ ಕಣ್ಣಿಟ್ಟು ನೋಡಿ. ಅಲ್ಲಿ ಇನ್ನೊಂದು ಮೀನಿನ ಇಡೀ ಅಸ್ಥಿಪಂಜರವಿದೆ. ಅದು ಸುಮಾರು 1.8 ಮೀಟರ್ ಉದ್ದದ ಗಿಲ್ಲಿಕಸ್. ಬೇಟೆಯನ್ನು ಇಡಿಯಾಗಿ ನುಂಗಿದ ಕ್ಸಿಫ್ಯಾಕ್ಟಿನಸ್ ಅದು ಜೀರ್ಣವಾಗುವ ಮೊದಲೇ ಸತ್ತಿತು. ಒಳಗೆ ಒದ್ದಾಡಿದ ಬೇಟೆಯೇ ಅದರ ಪ್ರಾಣ ತೆಗೆದಿರಬಹುದು.

ಬಯಲಾದ ಕಡಲು
ಇಂದು ಹುಲ್ಲುಗಾವಲಾಗಿರುವ ಕಾನ್ಸಾಸ್ ಸುಮಾರು 8.5 ಕೋಟಿ ವರ್ಷಗಳ ಹಿಂದೆ ಕಡಲಿನ ಅಡಿಯಲ್ಲಿತ್ತು. ಉತ್ತರ ಅಮೆರಿಕವನ್ನು ಇಬ್ಭಾಗ ಮಾಡಿದ್ದ ಆ ಕಡಲಿನ ತಳದಲ್ಲಿ ಸೂಕ್ಷ್ಮ ಪಾಚಿಗಳ ಸುಣ್ಣದ ಕವಚಗಳು ಪದರಪದರವಾಗಿ ಶೇಖರವಾಗಿ ಸೀಮೆಸುಣ್ಣದ ಬಂಡೆಯಾದವು. ಸತ್ತ ಮೀನುಗಳು ಆ ಮೆತ್ತನೆಯ ಕೆಸರಿನಲ್ಲಿ ಹೂತು ಉಳಿದವು.

ಕತ್ತಿಯ ಹೆಸರು
ಈಜುರೆಕ್ಕೆಗಳಿಗೆ ಎಲುಬಿನ ಕಡ್ಡಿಗಳ ಆಸರೆಯಿರುವ ಮೀನುಗಳ ಗುಂಪಿಗೆ ಕ್ಸಿಫ್ಯಾಕ್ಟಿನಸ್ ಸೇರುತ್ತದೆ. ನಮ್ಮ ಬಂಗುಡೆ, ರೋಹುಗಳೂ ಅದೇ ಗುಂಪಿನವು. 1870ರಲ್ಲಿ ವಿಜ್ಞಾನಿ ಜೋಸೆಫ್ ಲೀಡಿ ಇದಕ್ಕೆ ಇಟ್ಟ ಹೆಸರಿನ ಅರ್ಥ ‘ಕತ್ತಿಯಂಥ ಕಡ್ಡಿ’. ಮೇಲಕ್ಕೆ ತಿರುಗಿದ ದವಡೆ ಮತ್ತು ಕೋರೆಹಲ್ಲುಗಳು ಇದು ನುರಿತ ಬೇಟೆಗಾರ ಎಂಬುದನ್ನು ಹೇಳುತ್ತವೆ. ಈ ಕುಲದ ದೊಡ್ಡ ಮೀನುಗಳು 5 ಮೀಟರಿಗೂ ಮೀರಿ ಬೆಳೆಯುತ್ತಿದ್ದವು.

ಪತ್ತೆ
1952ರಲ್ಲಿ ಪಳೆಯುಳಿಕೆ ಸಂಗ್ರಾಹಕ ಜಾರ್ಜ್ ಎಫ್. ಸ್ಟರ್ನ್‌ಬರ್ಗ್ ಈ ಪಳೆಯುಳಿಕೆಯನ್ನು ಬಂಡೆಯಿಂದ ಬಿಡಿಸಿ ತೆಗೆದರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಯುಗ ಮುಗಿಯುವ ಹೊತ್ತಿಗೆ ಈ ಕುಲ ಅಳಿದುಹೋಗಿತ್ತು.